ಬಾಕ್ ಕೂಗಿದ ಮೇಲೆ

ನ್ಯೂಜೆರ್ಸಿಯಲ್ಲಿ ಮಕ್ಕಳ ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುವುದು ನನ್ನ ಶನಿವಾರ, ಭಾನುವಾರದ ಕೆಲಸ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಇದೆ. ಇದು ಹವ್ಯಾಸ, ಜೊತೆಗೆ ಒಂದಿಷ್ಟು ಕೈಖರ್ಚಿನ ಕಾಸು. ಸ್ಟ್ರೈಕೋ ಬಾಲೋ ಎಂದು ಬೈಸಿಕೊಂಡಿದ್ದೇನೆ, ಔಟೋ ಸೇಫೋ ಎಂದು ಬೈಸಿಕೊಂಡಿದ್ದೇನೆ. ಆ ಬೈಗುಳ ಮೈದಾನದಲ್ಲೇ ಉಳಿಯುತ್ತದೆ, ಕಾರಿನ ಬಾಗಿಲು ಹಾಕಿಕೊಂಡರೆ ಮರೆತುಹೋಗುತ್ತದೆ. 2023ರ ಜೂನ್‌ನಲ್ಲಿ ಒಂದು ಬಾಕ್ ಕೊಟ್ಟೆ. ಅದು ಮಾತ್ರ ಇಡೀ ಬೇಸಿಗೆ ನನ್ನನ್ನೂ ಮನೆಯವರನ್ನೂ ಬಿಡಲಿಲ್ಲ. ಆದದ್ದನ್ನು ಆದಂತೆಯೇ ಇಲ್ಲಿ ಬರೆಯುತ್ತಿದ್ದೇನೆ. ಆ ತೀರ್ಪು ಸರಿಯಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸರಿಯಾದ ತೀರ್ಪು ಕೊಟ್ಟೂ ಅದನ್ನು ಒಬ್ಬರಿಗೂ ತೋರಿಸಲಾಗದೆ ಇರುವುದು ಎಂಥ ಪಾಡು ಎಂದು ಹೇಳಬೇಕಾಗಿದೆ.

ನಾನು ಶಿವಮೊಗ್ಗದವನು. ಕಾಲೇಜಿನ ದಿನಗಳಲ್ಲಿ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಆಡಿದ್ದಕ್ಕಿಂತ ಅಂಪೈರಿಂಗ್ ಮಾಡಿದ್ದೇ ಹೆಚ್ಚು. ಹನ್ನೊಂದು ಜನರಲ್ಲಿ ನನ್ನ ಹೆಸರು ಬರುತ್ತಿರಲಿಲ್ಲ, ಅದಕ್ಕೆ. 1999ರಲ್ಲಿ ದಿಲ್ಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಊರೆಲ್ಲ ಕುಂಬ್ಳೆಯನ್ನು ಕೊಂಡಾಡುತ್ತಿದ್ದರೆ, ನಾನು ಆ ತುದಿಯಲ್ಲಿ ನಿಂತು ಬೆರಳೆತ್ತಿದ ನಮ್ಮ ಎ.ವಿ. ಜಯಪ್ರಕಾಶ್ ಬಗ್ಗೆ ಮಾತಾಡುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಮಗ ಬೇಸ್‌ಬಾಲ್ ಹಿಡಿದ. ಲೀಗಿಗೆ ಅಂಪೈರುಗಳು ಸಿಗುತ್ತಿಲ್ಲ, ಆಸಕ್ತ ತಂದೆತಾಯಿಯರು ಬನ್ನಿ ಎಂದು ಕರೆ ಬಂತು. ಹಳೆ ಚಪಲ, ತರಬೇತಿಗೆ ಹೋದೆ. ಪುಸ್ತಕ ಕೊಟ್ಟರು, ಪರೀಕ್ಷೆ ಮಾಡಿದರು, ಮೈದಾನದಲ್ಲಿ ನಿಲ್ಲಿಸಿ ಕಲಿಸಿದರು. ಎಲ್ಲ ನಿಯಮಗಳೂ ಒಂದಲ್ಲ ಒಂದು ಹೊತ್ತಿನಲ್ಲಿ ತಲೆಗೆ ಹತ್ತಿದವು. ಬಾಕ್ ಹತ್ತುವುದಕ್ಕೆ ವರ್ಷಗಳೇ ಬೇಕಾದವು.

ಬೇಸ್‌ಬಾಲ್ ನೋಡದವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಪಿಚ್ಚರ್ ನಿಲ್ಲುವ ಮಣ್ಣಿನ ದಿಬ್ಬದ ಮೇಲೆ 24 ಇಂಚು ಉದ್ದ, 6 ಇಂಚು ಅಗಲದ ಬಿಳಿ ರಬ್ಬರ್ ಪಟ್ಟಿಯೊಂದನ್ನು ಹೂತಿರುತ್ತಾರೆ. ಅದಕ್ಕೆ ಪಾದ ತಾಗಿಸಿಕೊಂಡೇ ಬ್ಯಾಟರ್‌ಗೆ ಚೆಂಡು ಎಸೆಯಬೇಕು. ಆಗಲೇ ಬೇಸ್ ತಲುಪಿರುವ ರನ್ನರ್ ಬೇಸಿಗೆ ಅಂಟಿಕೊಂಡು ಕೂರುವುದಿಲ್ಲ, ನಾಲ್ಕಾರು ಹೆಜ್ಜೆ ಮುಂದೆ ಬಂದು ಕಾಲುಕಿತ್ತು ಓಡಲು ಸಿದ್ಧನಾಗಿರುತ್ತಾನೆ. ಕ್ರಿಕೆಟ್‌ನಲ್ಲಿ ನಾನ್‌ಸ್ಟ್ರೈಕರ್ ಕ್ರೀಸ್ ಬಿಟ್ಟರೆ ಔಟ್ ಮಾಡುವುದು ಸಭ್ಯತೆಯೋ ಅಲ್ಲವೋ ಎಂದು ಇವತ್ತಿಗೂ ಜಗಳ ನಡೆಯುತ್ತದೆ. ಇಲ್ಲಿ ಬಿಟ್ಟು ನಿಲ್ಲುವುದೇ ಆಟ. ಅವನನ್ನು ಹಿಡಿಯಲು ಪಿಚ್ಚರ್ ಬ್ಯಾಟರ್‌ನ ಬದಲು ಬೇಸ್ ಕಡೆಗೆ ಚೆಂಡು ಎಸೆಯಬಹುದು. ಅದು ಪಿಕಾಫ್. ಆದರೆ ಬ್ಯಾಟರ್‌ಗೆ ಎಸೆಯುವವನಂತೆ ಶುರುಮಾಡಿ, ರನ್ನರ್ ನಂಬಿ ಹೊರಟ ಮೇಲೆ ತಿರುಗಿ ಬೇಸಿಗೆ ಎಸೆಯುವಂತಿಲ್ಲ. ಶುರುಮಾಡಿದ್ದನ್ನು ಮುಗಿಸಬೇಕು. ಮುಗಿಸದಿದ್ದರೆ ಬಾಕ್. ಶಿಕ್ಷೆಯಾಗಿ ಬೇಸ್ ಮೇಲಿರುವ ಎಲ್ಲ ರನ್ನರುಗಳೂ ಒಂದೊಂದು ಬೇಸ್ ಮುಂದೆ ಹೋಗುತ್ತಾರೆ. ಥರ್ಡ್ ಬೇಸ್‌ನಲ್ಲಿ ಒಬ್ಬನಿದ್ದರೆ ಅವನು ನಡೆದುಕೊಂಡೇ ಬಂದು ರನ್ ಗಳಿಸುತ್ತಾನೆ.

ಹೇಳಲು ಇಷ್ಟೇ. ವೃತ್ತಿಪರರು ಆಡುವ ಮೇಜರ್ ಲೀಗಿನ ನಿಯಮ ಪುಸ್ತಕದಲ್ಲಿ ಪಿಚ್ಚರ್ ಬಾಕ್ ಮಾಡಬಹುದಾದ ಬಗೆಗಳು ಹದಿಮೂರಿವೆ. ರಬ್ಬರ್ ಮೇಲಿದ್ದು ಫಸ್ಟ್ ಬೇಸಿಗೆ ಎಸೆಯುವಂತೆ ನಟಿಸಿ ಎಸೆಯದಿರುವುದು, ಎಸೆಯುವ ಮುನ್ನ ಆ ಬೇಸಿನತ್ತ ನೇರ ಹೆಜ್ಜೆ ಇಡದಿರುವುದು, ಚೆಂಡಿಲ್ಲದೆಯೇ ರಬ್ಬರ್ ಮೇಲೆ ನಿಲ್ಲುವುದು, ಕೈ ಜಾರಿ ಚೆಂಡು ಬೀಳಿಸುವುದು, ಎರಡೂ ಕೈ ಸೇರಿಸಿಕೊಂಡು ಒಂದು ಗಳಿಗೆ ಪೂರ್ತಿ ನಿಲ್ಲದೆ ಹಾಗೆಯೇ ಎಸೆದುಬಿಡುವುದು ಹೀಗೆ. ರನ್ನರ್‌ನನ್ನು ಬೇಕೆಂದೇ ಮೋಸಗೊಳಿಸುವುದನ್ನು ತಡೆಯುವುದು ಈ ನಿಯಮದ ಉದ್ದೇಶ ಎಂದು ಪುಸ್ತಕವೇ ಹೇಳುತ್ತದೆ. ಅಂಪೈರ್‌ಗೆ ಅನುಮಾನ ಬಂದರೆ ಪಿಚ್ಚರ್‌ನ ಉದ್ದೇಶವೇನಿತ್ತು ಎಂದು ನೋಡಬೇಕು ಎಂತಲೂ ಹೇಳುತ್ತದೆ. ಈ ಕೊನೆಯ ಮಾತನ್ನು ಹಿಡಿದುಕೊಂಡೇ ಕೋಚುಗಳು ಅಂಪೈರುಗಳ ಮೇಲೆ ಏರಿಬರುವುದು. ಅನುಮಾನ ಬಂದರೆ ಎಂಬ ಮೊದಲ ಅರ್ಧವನ್ನು ಯಾರೂ ಓದುವುದಿಲ್ಲ.

ಇದು ಇವತ್ತಿನ ರಗಳೆಯಲ್ಲ. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬು ಬರೆದಿಟ್ಟ ನಿಯಮಗಳಲ್ಲೇ ಬಾಕ್ ಬರುತ್ತದೆ. 1988ರಲ್ಲಿ ಮೇಜರ್ ಲೀಗಿನವರು ಒಂದು ವಾಕ್ಯವನ್ನು ಬಿಗಿಮಾಡಿದರು. ಪಿಚ್ಚರ್ ಪೂರ್ತಿ ನಿಂತರೆ ಸಾಲದು, ನಿಂತದ್ದು ಎದ್ದು ಕಾಣಬೇಕು ಎಂದರು. ಹಿಂದಿನ ವರ್ಷ 356 ಇದ್ದ ಬಾಕುಗಳು ಆ ವರ್ಷ 924ಕ್ಕೆ ಏರಿದವು. ಓಕ್ಲೆಂಡಿನ ಡೇವ್ ಸ್ಟೂವರ್ಟ್‌ನಂಥ ದೊಡ್ಡ ಪಿಚ್ಚರ್ ಒಬ್ಬನೇ 16 ಬಾಕ್ ಮಾಡಿದ. ಮರುವರ್ಷ ಹಳೆಯ ಮಾತಿಗೇ ಮರಳಿದರು. ಪಿಚ್ಚರುಗಳು ಒಂದೇ ಚಳಿಗಾಲದಲ್ಲಿ ಮೋಸಗಾರರಾಗಿ, ಮರು ಚಳಿಗಾಲದಲ್ಲಿ ಸಾಧುಗಳಾದರೆಂದಲ್ಲ. ನೋಡುವವರಿಗೆ ಏನನ್ನು ನೋಡಬೇಕು ಎಂದು ಹೇಳಿದ್ದು ಬದಲಾಗಿತ್ತು, ಅಷ್ಟೇ.

ಮಕ್ಕಳ ಆಟದಲ್ಲಿ ಗೊಂದಲ ಇನ್ನೂ ಹೆಚ್ಚು. ಲಿಟ್ಲ್ ಲೀಗಿನಲ್ಲಿ ಹನ್ನೆರಡು ವರ್ಷದೊಳಗಿನವರಿಗೆ ಬಾಕ್ ಎಂಬುದೇ ಇಲ್ಲ, ಏಕೆಂದರೆ ಚೆಂಡು ಬ್ಯಾಟರ್‌ನನ್ನು ತಲುಪುವವರೆಗೆ ರನ್ನರ್ ಬೇಸ್ ಬಿಡುವಂತಿಲ್ಲ. ಅದಾದ ಮೇಲಿನ ವಯಸ್ಸಿನಲ್ಲಿ ಒಮ್ಮೆಗೇ ಇಡೀ ನಿಯಮ ಹುಡುಗನ ತಲೆ ಮೇಲೆ ಬೀಳುತ್ತದೆ. ಕೆಲವು ಟೂರ್ನಿಗಳಲ್ಲಿ ಮೇಜರ್ ಲೀಗಿನ ನಿಯಮ, ಕೆಲವುಗಳಲ್ಲಿ ಹೈಸ್ಕೂಲ್ ನಿಯಮ. ಮೇಜರ್ ಲೀಗಿನಲ್ಲಿ ಬಾಕ್ ಆದರೂ ಚೆಂಡು ಎಸೆದಿದ್ದರೆ ಆಟ ಮುಂದುವರಿದು, ಬ್ಯಾಟರ್ ಹೊಡೆದು ಎಲ್ಲರೂ ಒಂದು ಬೇಸ್ ದಾಟಿದರೆ ಬಾಕ್ ಇಲ್ಲದಂತಾಗುತ್ತದೆ. ಹೈಸ್ಕೂಲ್ ನಿಯಮದಲ್ಲಿ ಅಂಪೈರ್ ಬಾಕ್ ಕಂಡ ಕ್ಷಣವೇ ಚೆಂಡು ಸತ್ತಂತೆ. ಆಮೇಲೆ ಏನೇ ಆದರೂ ಲೆಕ್ಕಕ್ಕಿಲ್ಲ. ಕೆಲವು ಟೂರ್ನಿಗಳಲ್ಲಿ ಮೊದಲ ಸಲಕ್ಕೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಉಳಿದವುಗಳಲ್ಲಿ ಬಿಡುವುದಿಲ್ಲ. ಸಾಲದ್ದಕ್ಕೆ 2023ರಲ್ಲಿ ಮೇಜರ್ ಲೀಗಿನವರು ಹೊಸದೊಂದನ್ನು ತಂದಿದ್ದರು. ಒಬ್ಬ ಬ್ಯಾಟರ್ ಇರುವಾಗ ಪಿಚ್ಚರ್ ಎರಡು ಸಲ ಮಾತ್ರ ರಬ್ಬರ್ ಬಿಟ್ಟು ಇಳಿಯಬಹುದು ಅಥವಾ ಬೇಸಿಗೆ ಎಸೆಯಬಹುದು, ಮೂರನೆಯ ಸಲ ರನ್ನರ್ ಔಟಾಗದಿದ್ದರೆ ಬಾಕ್. ಟಿವಿಯಲ್ಲಿ ಅದನ್ನು ನೋಡಿದ ಅಪ್ಪಂದಿರು ನಮ್ಮ ಮೈದಾನಗಳಲ್ಲಿ ಬೆರಳು ಮಡಚಿ ಎಣಿಸುತ್ತಾ ಕೂತಿರುತ್ತಿದ್ದರು.

ಆ ಪಂದ್ಯ ಹದಿನಾಲ್ಕು ವರ್ಷದೊಳಗಿನ ಹುಡುಗರದ್ದು. ಹೈಸ್ಕೂಲ್ ನಿಯಮ, ಎಚ್ಚರಿಕೆ ಇಲ್ಲ. ಪಂದ್ಯ ಶುರುವಾಗುವ ಮೊದಲು ಹೋಮ್ ಪ್ಲೇಟ್ ಬಳಿ ಇಬ್ಬರು ಕೋಚುಗಳನ್ನೂ ಕರೆದು ಇದನ್ನು ಹೇಳಿದ್ದೆವು. ಇಬ್ಬರೂ ತಲೆಯಾಡಿಸಿದ್ದರು. ನಾವು ಅಂಪೈರುಗಳು ಇಬ್ಬರು. ನನ್ನ ಜೊತೆಗಾರ ನಿವೃತ್ತ ಮೇಷ್ಟರು, ಬಿಳಿಯರು, ನನಗಿಂತ ಬಹಳ ಹಿರಿಯರು. ಅವರು ಪ್ಲೇಟ್ ಹಿಂದೆ, ನಾನು ಬೇಸ್‌ಗಳ ಕಡೆ.

ಕೊನೆಯ ಇನ್ನಿಂಗ್ಸು, ಅಂದರೆ ಏಳನೆಯದು. ಸ್ಕೋರು ಸಮ. ಎರಡು ಔಟ್ ಆಗಿವೆ. ಫಸ್ಟ್ ಬೇಸ್‌ನಲ್ಲೊಬ್ಬ, ಥರ್ಡ್ ಬೇಸ್‌ನಲ್ಲೊಬ್ಬ ರನ್ನರ್. ಪಿಚ್ಚರ್ ಆಗ ತಾನೇ ಬದಲಿಯಾಗಿ ಬಂದ ಎಡಗೈ ಹುಡುಗ. ಎಡಗೈ ಪಿಚ್ಚರ್ ಎಂದರೆ ಫಸ್ಟ್ ಬೇಸಿಗೆ ಮುಖ ಮಾಡಿಯೇ ನಿಲ್ಲುತ್ತಾನೆ. ಬಲಗಾಲು ಎತ್ತಿದರೆ ಅದನ್ನು ಬ್ಯಾಟರ್ ಕಡೆ ಇಡುತ್ತಾನೋ ಬೇಸ್ ಕಡೆ ಇಡುತ್ತಾನೋ ಕೊನೆಯವರೆಗೂ ತಿಳಿಯುವುದಿಲ್ಲ. ಯಾಂಕೀಸ್ ತಂಡದ ಆಂಡಿ ಪೆಟಿಟ್ ಇದರಲ್ಲಿ ಹೆಸರುವಾಸಿಯಾಗಿದ್ದ. ಹಾಗಾಗಿ ಎಡಗೈಯವರಿಗೆ ಎರಡು ಗೆರೆಗಳು. ಒಂದು, ಹೋಮ್ ಪ್ಲೇಟಿಗೂ ಫಸ್ಟ್ ಬೇಸಿಗೂ ನಡುವೆ 45 ಡಿಗ್ರಿಯಲ್ಲಿ ಅಂಪೈರುಗಳು ಮನಸ್ಸಿನಲ್ಲೇ ಎಳೆದುಕೊಳ್ಳುವ ಗೆರೆ. ಬೇಸಿಗೆ ಎಸೆಯುವವನ ಕಾಲು ಅದರ ಬೇಸ್ ಬದಿಗೆ ಬೀಳಬೇಕು. ಇದರಲ್ಲಿ ಅಂದಾಜಿಗೆ ಜಾಗವಿದೆ. ಇನ್ನೊಂದು, ರಬ್ಬರಿನ ಹಿಂದಿನ ಅಂಚು. ಎತ್ತಿದ ಕಾಲಿನ ಇಡೀ ಪಾದ ಆ ಅಂಚನ್ನು ದಾಟಿ ಹಿಂದಕ್ಕೆ ಹೋಯಿತೆಂದರೆ ಬ್ಯಾಟರ್‌ಗೇ ಎಸೆಯಬೇಕು, ಇಲ್ಲವೆ ಸೆಕೆಂಡ್ ಬೇಸ್ ಕಡೆ ತಿರುಗಬೇಕು. ಫಸ್ಟ್ ಬೇಸಿಗೆ ಎಸೆಯುವಂತೆಯೇ ಇಲ್ಲ. ಇದರಲ್ಲಿ ಅಂದಾಜಿಲ್ಲ, ಉದ್ದೇಶದ ಮಾತೂ ಇಲ್ಲ. ದಾಟಿತೋ ಇಲ್ಲವೋ, ಅಷ್ಟೇ.

ನಾನು ದಿಬ್ಬದ ಹಿಂದೆ ಸ್ವಲ್ಪ ಬದಿಗೆ, ಮಂಡಿ ಮೇಲೆ ಕೈಯೂರಿ ನಿಂತಿದ್ದೆ. ಅಲ್ಲಿಂದ ರಬ್ಬರಿನ ಹಿಂದಿನ ಅಂಚು ನೇರ ಕಣ್ಣೆದುರಿಗೇ ಇರುತ್ತದೆ. ಹಿಂದಿನ ಪಿಚ್ಚರ್ ತೋಡಿದ ಕುಳಿಯಿಂದ ಕೆಂಪು ಮಣ್ಣು ಚೆಲ್ಲಿ ಮುಂದಿನ ಅಂಚು ಮುಚ್ಚಿಹೋಗಿತ್ತು. ಹಿಂದಿನದು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಹುಡುಗ ಕೈ ಕೂಡಿಸಿ ನಿಂತ, ಸರಿಯಾಗಿಯೇ ನಿಂತ. ಬಲಗಾಲು ಎತ್ತಿದ. ಮಂಡಿ ಎದೆಯವರೆಗೆ ಬಂತು. ಅಲ್ಲಿಂದ ಸೊಂಟ ತಿರುಚಿಕೊಂಡು ಪಾದ ನನ್ನ ಕಡೆಗೆ ಹಿಂದಕ್ಕೆ ತೂಗಿತು. ಷೂವಿನ ಹಿಮ್ಮಡಿ, ಅಟ್ಟೆಯ ಮೊಳೆಗಳು, ಕೊನೆಗೆ ಮುಂಗಾಲು, ಎಲ್ಲವೂ ಆ ಬಿಳಿ ಅಂಚಿನಿಂದ ಈಚೆಗೆ ಬಂದವು. ಫಸ್ಟ್ ಬೇಸಿನ ರನ್ನರ್ ಅದನ್ನು ನೋಡಿ ಸೆಕೆಂಡ್ ಕಡೆಗೆ ಕಾಲು ಕಿತ್ತ. ಅವನು ಕೀಳಲೇಬೇಕು, ಅವನಿಗೆ ಹಾಗೆಯೇ ಕಲಿಸಿರುತ್ತಾರೆ. ಅಷ್ಟರಲ್ಲಿ ಹುಡುಗ ಕಾಲನ್ನು ಸುತ್ತಿ ತಂದು ಫಸ್ಟ್ ಬೇಸ್ ಕಡೆಗೆ ಹೆಜ್ಜೆ ಹಾಕಿದ. ಅವನ ಕೈ ಇನ್ನೂ ಹಿಂದಿತ್ತು. ನಾನು ಎರಡೂ ಕೈ ಮೇಲೆತ್ತಿ ಕೂಗಿದೆ: “ಟೈಮ್! ಬಾಕ್!”

ಚೆಂಡು ಹೋಯಿತು. ಫಸ್ಟ್ ಬೇಸ್‌ಮನ್ ಹಿಡಿದ, ನಡುದಾರಿಯಲ್ಲಿ ಸಿಕ್ಕಿಬಿದ್ದ ರನ್ನರ್‌ನನ್ನು ಬೆನ್ನಟ್ಟಿ ಮುಟ್ಟಿದ. ಮೂರನೆಯ ಔಟ್ ಎಂದು ಇಡೀ ತಂಡ ಕುಣಿಯುತ್ತಾ ಡಗೌಟ್ ಕಡೆ ಓಡಿತು. ನಾನಿನ್ನೂ ಕೈ ಎತ್ತಿಕೊಂಡೇ ನಿಂತಿದ್ದೆ. ನಾನು ಕೂಗಿದ್ದು ಚೆಂಡು ಕೈಬಿಡುವ ಮೊದಲು, ಜನ ಅದನ್ನು ಕೇಳಿಸಿಕೊಂಡದ್ದು ಔಟಾದ ಮೇಲೆ. ಔಟಾದದ್ದನ್ನು ನೋಡಿ ಆಮೇಲೆ ಬಾಕ್ ಕೊಟ್ಟ ಎಂಬ ಮಾತು ಹುಟ್ಟಿದ್ದು ಅಲ್ಲಿ. ಥರ್ಡ್ ಬೇಸ್ ರನ್ನರ್‌ಗೆ ಹೋಮ್ ತೋರಿಸಿದೆ. ಅವನು ನಂಬಲಾರದವನಂತೆ ನಡೆದುಬಂದು ಪ್ಲೇಟ್ ಮುಟ್ಟಿದ. ಪಂದ್ಯ ಮುಗಿಯಿತು.

ಬಾಕ್‌ನಿಂದ ಪಂದ್ಯ ಮುಗಿಯುವುದು ಅಪರೂಪ, ಆದರೆ ಆಗದ್ದಲ್ಲ. 2015ರ ಜೂನ್‌ನಲ್ಲಿ ಡಾಡ್ಜರ್ಸ್ ತಂಡ ರೇಂಜರ್ಸ್ ಮೇಲೆ 1-0 ಗೆದ್ದದ್ದು ಕೊನೆಯ ಇನ್ನಿಂಗ್ಸಿನ ಬಾಕ್‌ನಿಂದಲೇ. ಇದೆಲ್ಲ ಆಮೇಲೆ ಯೋಚಿಸಿದ್ದು. ಆಗ ನನ್ನೆದುರಿಗೆ ಇದ್ದದ್ದು ಕೋಚ್‌ನ ಮುಖ. ಅಷ್ಟು ಹತ್ತಿರ ಬಂದಿದ್ದ ಎಂದರೆ ಅವನು ಜಗಿಯುತ್ತಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆ ನನ್ನ ಅಂಗಿಯ ಮೇಲೆ ಬೀಳುತ್ತಿತ್ತು. ಇಷ್ಟು ದಿನವೂ ಹುಡುಗ ಹೀಗೆಯೇ ಎಸೆದಿದ್ದಾನೆ, ಒಬ್ಬರೂ ಬಾಕ್ ಕೊಟ್ಟಿಲ್ಲ ಎಂದ. ಮಕ್ಕಳ ಪಂದ್ಯವನ್ನು ಬಾಕ್ ಕೊಟ್ಟು ಮುಗಿಸುತ್ತಾರಾ ಎಂದ. ಅವನಿಗೆ ಮೋಸದ ಉದ್ದೇಶ ಇರಲಿಲ್ಲ, ಪುಸ್ತಕ ಓದು ಎಂದ. “ಪಾದ ಹಿಂದಿನ ಅಂಚು ದಾಟಿತು, ಫಸ್ಟಿಗೆ ಎಸೆದ” ಎಂದು ಹೇಳಿದೆ. ತರಬೇತಿಯಲ್ಲಿ ಕಲಿಸಿದ್ದೂ ಅದನ್ನೇ: ಕಂಡದ್ದನ್ನು ಒಂದು ಸಾಲಿನಲ್ಲಿ ಹೇಳು, ಎರಡನೆಯ ಸಾಲಿಗೆ ಹೋಗಬೇಡ. ಅವನು ಪ್ಲೇಟ್ ಅಂಪೈರ್ ಕಡೆ ತಿರುಗಿ ಇದನ್ನು ತಿರುಗಿಸು ಎಂದ. ಮೇಷ್ಟರು ಮಾಸ್ಕ್ ತೆಗೆದು, “ನಾನು ಬ್ಯಾಟರ್‌ನನ್ನು ನೋಡುತ್ತಿದ್ದೆ. ತೀರ್ಪು ಅವರದು” ಎಂದರು. ಅವರು ಹೇಳಿದ್ದು ನಿಜ. ಮುಂದಿನಿಂದ ನೋಡುವವರಿಗೆ ಮಂಡಿ ಕಾಣುತ್ತದೆ, ಅದರ ಹಿಂದಿನ ಪಾದ ಎಷ್ಟು ದೂರ ಹೋಯಿತೆಂದು ಕಾಣುವುದಿಲ್ಲ. ಎರಡೂ ಡಗೌಟ್‌ಗಳು ದಿಬ್ಬಕ್ಕಿಂತ ಮುಂದೆ, ಹೋಮ್ ಪ್ಲೇಟ್ ಕಡೆಗಿವೆ. ತಂದೆತಾಯಿಯರು ಕುಳಿತಿರುವುದು ಬಲೆಯ ಹಿಂದೆ, ಇನ್ನೂ ಮುಂದೆ. ಆಡುತ್ತಿದ್ದ ಹುಡುಗರನ್ನು ಬಿಟ್ಟರೆ, ಆ ಮೈದಾನದಲ್ಲಿದ್ದ ಅಷ್ಟೂ ಜನರಲ್ಲಿ ಆ ಅಂಚನ್ನು ನೋಡುವಂಥ ಜಾಗದಲ್ಲಿ ನಿಂತಿದ್ದವನು ನಾನೊಬ್ಬ.

ಬಲೆಯಾಚೆಯಿಂದ ಬಾಯಿಗೆ ಬಂದದ್ದೆಲ್ಲ ಬಂತು. ಎಷ್ಟು ದುಡ್ಡು ತಗೊಂಡೆ ಎಂದು ಒಬ್ಬ. ನಿಮ್ಮ ದೇಶದಲ್ಲಿ ಬೇಸ್‌ಬಾಲ್ ಇದೆಯಾ ಎಂದು ಇನ್ನೊಬ್ಬ. ಕ್ರಿಕೆಟ್ಟಿಗೇ ವಾಪಸ್ ಹೋಗು ಎಂದು ಒಬ್ಬ ಹೆಂಗಸು ಕೂಗಿದಾಗ ಕೆಲವರು ನಕ್ಕರು. ಮೇಷ್ಟರು ನನ್ನ ಮೊಣಕೈ ಹಿಡಿದು, “ನಿಲ್ಲಬೇಡ, ತಿರುಗಿ ನೋಡಬೇಡ, ನಡಿ” ಎಂದು ಪಾರ್ಕಿಂಗ್ ಕಡೆ ಕರೆದುಕೊಂಡು ಹೋದರು. ಹಿಂದೆಯೇ ಇಬ್ಬರು ಬಂದರು. ನಾನು ಕಾರಿನೊಳಗೆ ಕೂತ ಮೇಲೆ ಒಬ್ಬ ಬಾನೆಟ್‌ಗೆ ಎರಡೂ ಕೈಯೂರಿ ಅಡ್ಡ ನಿಂತ. ಇನ್ನೊಬ್ಬ ಕಿಟಕಿಗೆ ಅಂಗೈಯಿಂದ ಬಡಿಯುತ್ತಾ ಇಳಿ, ಇಳಿದು ಮಾತಾಡು ಎನ್ನುತ್ತಿದ್ದ. ಹಿಂದಿನ ಸೀಟಿನಲ್ಲಿ ನನ್ನ ಮಗನಿದ್ದ. ಅವನ ಪಂದ್ಯ ಪಕ್ಕದ ಮೈದಾನದಲ್ಲಿ ಮುಗಿದಿತ್ತು. ಗಂಟಲು ಒಣಗಿ, ಕೈ ನಡುಗಿ, ಕೀಲಿ ತಿರುಗಿಸಲೂ ಆಗದಂತಾಯಿತು. ಮೇಷ್ಟರು ತಮ್ಮ ಕಾರನ್ನು ತಂದು ನನ್ನ ಪಕ್ಕಕ್ಕೇ ನಿಲ್ಲಿಸಿ, ಇಳಿದು, ಏರುದನಿ ಮಾಡದೆ ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದು ಫೋನ್ ತೆಗೆದರು. ಆಗ ಸರಿದರು.

ಹೊರಡುವಾಗ ಆ ಎಡಗೈ ಹುಡುಗ ಕಂಡ. ಬೆಂಚಿನ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಕೋಚ್ ಅವನ ಬೆನ್ನು ತಟ್ಟುತ್ತಾ ನೀನೇನೂ ತಪ್ಪು ಮಾಡಿಲ್ಲ, ನೀನೇನೂ ತಪ್ಪು ಮಾಡಿಲ್ಲ ಎನ್ನುತ್ತಿದ್ದ. ನನಗೆ ಬೈದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಹದಿಮೂರು, ಹದಿನಾಲ್ಕರ ಹುಡುಗರು ಬೇಕೆಂದು ಮೋಸ ಮಾಡುವುದಿಲ್ಲ. ಕಾಲು ಉದ್ದ ಬೆಳೆದಿರುತ್ತದೆ, ಹಿಡಿತ ಬಂದಿರುವುದಿಲ್ಲ. ಕಾಲನ್ನು ನಾಲ್ಕು ಬೆರಳು ಮುಂದೆ ಎತ್ತು ಎಂದು ಹೇಳಿಕೊಟ್ಟರೆ ಒಂದೇ ಸಂಜೆಯಲ್ಲಿ ತಿದ್ದಿಕೊಳ್ಳುವಂಥದ್ದು. ಅದನ್ನು ಹೇಳುವವರೇ ಅವನಿಗೆ ಇಲ್ಲದಾದರು.

ರಾತ್ರಿಯೊಳಗೆ ವಿಡಿಯೊ ಹರಿದಾಡತೊಡಗಿತು. ಬಲೆಯ ಹಿಂದಿನಿಂದ ಫೋನಿನಲ್ಲಿ ತೆಗೆದದ್ದು. ಹುಡುಗನ ಮಂಡಿ ಮೇಲೇಳುತ್ತದೆ, ಪಾದ ಅದರ ಹಿಂದೆ ಮರೆಯಾಗುತ್ತದೆ, ಮತ್ತೆ ಕಾಣುವುದು ಫಸ್ಟ್ ಬೇಸ್ ಕಡೆಗೆ. ಇಷ್ಟನ್ನೇ ನಿಧಾನ ಮಾಡಿ, ದೊಡ್ಡದು ಮಾಡಿ, ಕಾಲು ಎಲ್ಲಿ ಹಿಂದೆ ಹೋಗಿದೆ ತೋರಿಸಿ ಎಂದು ಬರೆದಿದ್ದರು. ನಾನೂ ನೋಡಿದೆ. ಪಾದ ಮರೆಯಾಗಿರುವ ಆ ಅರ್ಧ ಕ್ಷಣ ನನಗೆ ಕಂಡದ್ದು, ಅವರ ಫೋನಿಗೆ ಕಾಣಿಸದೇ ಹೋದದ್ದು. ಅದರಲ್ಲಿ ನನ್ನ ಮಾತು ಸುಳ್ಳಾಗುವಂಥದ್ದು ಏನೂ ಇರಲಿಲ್ಲ, ನಿಜ ಎನ್ನುವಂಥದ್ದೂ ಇರಲಿಲ್ಲ. ಎಲ್‌ಬಿಡಬ್ಲ್ಯು ಕೊಟ್ಟು ಬೈಸಿಕೊಂಡವನಿಗೆ ಚೆಂಡು ಎಲ್ಲಿ ಬಿತ್ತು, ಎಲ್ಲಿ ಬಡಿಯಿತು ಎಂದು ತೋರಿಸಲು ಇವತ್ತು ಯಂತ್ರ ಬಂದಿದೆ. ಊರಿನ ಮೈದಾನದ ಬಾಕ್‌ಗೆ ಅಂಥದ್ದೇನೂ ಇಲ್ಲ. ಮೇಜರ್ ಲೀಗಿನವರೂ ಮರುಪರಿಶೀಲನೆಗೆ ಅದನ್ನು ಬಿಟ್ಟುಕೊಟ್ಟಿಲ್ಲ.

ಸಂಘಟಕರು ವರದಿ ಕೇಳಿದರು. ಬರೆದುಕೊಟ್ಟೆ. ಆಮೇಲೆ ಸಮಿತಿಯವರು ವಿಡಿಯೊ ಕಾಲ್‌ನಲ್ಲಿ ಕೂರಿಸಿದರು. ನಿಯಮದ ಬಗ್ಗೆ ಪ್ರಶ್ನೆ ಬರುತ್ತದೆ ಎಂದು ಪುಸ್ತಕ ಪಕ್ಕದಲ್ಲಿಟ್ಟುಕೊಂಡಿದ್ದೆ. ಒಂದು ಪ್ರಶ್ನೆಯೂ ಬರಲಿಲ್ಲ. ಎಷ್ಟು ಖಚಿತವಾಗಿದ್ದೀರಿ ಎಂದು ಕೇಳಿದರು, ಮತ್ತೆ ಕೇಳಿದರು. ಇನ್ನೊಮ್ಮೆ ಇಂಥ ಸಂದರ್ಭ ಬಂದರೆ ಬೇರೆ ರೀತಿ ನಡೆದುಕೊಳ್ಳುವಿರಾ ಎಂದರು. ಇಲ್ಲ ಎಂದೆ. ಹುಡುಗನ ಮನೆಯವರಿಗೆ ವಿಷಾದದ ಎರಡು ಸಾಲು ಬರೆದರೆ ಎಲ್ಲ ತಣ್ಣಗಾಗುತ್ತದೆ ಎಂದು ಒಬ್ಬರು ನಯವಾಗಿ ಹೇಳಿದರು. ಹುಡುಗ ಅತ್ತದ್ದಕ್ಕೆ ವಿಷಾದವಿದೆ, ತೀರ್ಪಿಗಿಲ್ಲ ಎಂದೆ. ನನ್ನ ಕಾರಿಗೆ ಅಡ್ಡ ನಿಂತವರ ವಿಷಯ ತೆಗೆದಾಗ ಅದನ್ನು ಬೇರೆಯಾಗಿ ನೋಡುತ್ತೇವೆ ಎಂದರು. ಆ ಬಗ್ಗೆ ಮತ್ತೆ ಏನೂ ಕೇಳಿಬರಲಿಲ್ಲ.

ಆಮೇಲೆ ನನಗೆ ಕರೆ ಬಂದದ್ದೆಲ್ಲ ಒಂಬತ್ತು ಹತ್ತು ವರ್ಷದ ಮಕ್ಕಳ ಪಂದ್ಯಗಳಿಗೆ. ನಿಮಗೂ ಸ್ವಲ್ಪ ನಿರಾಳವಾಗಲಿ ಎಂದು ಪಂದ್ಯ ಹಂಚುವವರು ಹೇಳಿದರು. ಅಲ್ಲಿ ರನ್ನರ್ ಬೇಸ್ ಬಿಡುವುದಿಲ್ಲ, ಅಲ್ಲಿ ಬಾಕ್ ಇಲ್ಲ. ನನ್ನನ್ನು ತೆಗೆದುಹಾಕಲಿಲ್ಲ, ನನ್ನ ತೀರ್ಪು ತಪ್ಪೆಂದೂ ಹೇಳಲಿಲ್ಲ. ಆ ನಿಯಮವೇ ಇಲ್ಲದ ಕಡೆಗೆ ಕಳಿಸಿದರು.

ಮನೆಯಲ್ಲೂ ನೆಮ್ಮದಿ ಕೆಟ್ಟಿತ್ತು. ಹೆಂಡತಿ, “ನಿಮಗೆ ಯಾಕ್ರೀ ಬೇಕು ಈ ಉಸಾಬರಿ? ವಾರವೆಲ್ಲ ದುಡಿದು ಬಂದು, ಮೇಲೆ ಬೈಸಿಕೊಳ್ಳೋಕೂ ಹೋಗಬೇಕಾ?” ಎಂದಳು. ಅವಳು ಕೋಪಕ್ಕೆ ಹೇಳಿದ್ದಲ್ಲ. ಮಗ ಕಾರಿನಲ್ಲಿ ಹೆದರಿ ಕಾಲ ಮೇಲೆ ಕಾಲು ಸುತ್ತಿಕೊಂಡು ಕೂತದ್ದನ್ನು ಅವನಿಂದಲೇ ಕೇಳಿದ್ದಳು. ಅವನ ತಂಡದ ಹುಡುಗರು ಅವನನ್ನು ಬಾಕ್ ಎಂದೇ ಕರೆಯತೊಡಗಿದ್ದರು. ನಗುತ್ತಲೇ ಕರೆಯುತ್ತಾರೆ ಅಪ್ಪಾ ಎಂದ, ಆದರೂ ಕೆಲವು ದಿನ ಅಭ್ಯಾಸಕ್ಕೆ ಹೋಗಲು ಹೊಟ್ಟೆನೋವು ಎಂದ. ನನಗೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ಪಾದ. ಕಿಟಕಿಗೆ ಬಡಿದ ಅಂಗೈ. ಅಂಗಡಿಯಲ್ಲಿ ಯಾರಾದರೂ ಹಿಂದಿನಿಂದ ಜೋರಾಗಿ ಮಾತಾಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ಸಿಕ್ಕವರು ಪಾಪ, ನನ್ನ ಪರವಾಗಿಯೇ ಮಾತಾಡಿದರು. ಚಿತ್ರಾನ್ನದ ತಟ್ಟೆ ಹಿಡಿದುಕೊಂಡೇ ಹಿರಿಯರೊಬ್ಬರು, “ಅಲ್ಲ ಸ್ವಾಮಿ, ಕೊನೇ ಇನ್ನಿಂಗ್ಸು, ಮಕ್ಕಳ ಆಟ. ಕಂಡರೂ ಕಾಣದ ಹಾಗೆ ಇದ್ದುಬಿಡಬೇಕಿತ್ತು. ಯಾರಿಗೆ ಗೊತ್ತಾಗ್ತಿತ್ತು?” ಎಂದರು. ಆ ಬೇಸಿಗೆಯಲ್ಲಿ ನನ್ನನ್ನು ಅತ್ತಿತ್ತ ಅಲುಗಾಡಿಸಿದ್ದು ಆ ಮಾತೊಂದೇ. ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಫಸ್ಟ್ ಬೇಸಿನ ಹುಡುಗ ಔಟಾಗಿ, ಆಟ ಇನ್ನೊಂದು ಇನ್ನಿಂಗ್ಸಿಗೆ ಹೋಗಿ, ನಾನು ಕೈಕುಲುಕಿ ಮನೆಗೆ ಬರುತ್ತಿದ್ದೆ. ಅವನ ಕೋಚ್ ಅವನಿಗೆ, ಇಷ್ಟೂ ಎಚ್ಚರ ಇಲ್ಲವಾ ನಿನಗೆ, ಪಿಚ್ಚರ್ ಕಾಲು ನೋಡಬಾರದಾ ಎಂದು ಬೈಯುತ್ತಿದ್ದ. ಅವನು ಕಾಲನ್ನೇ ನೋಡಿದ್ದ. ಸರಿಯಾಗಿಯೇ ಓದಿದ್ದ. ನಾನು ಸುಮ್ಮನಿದ್ದಿದ್ದರೆ ತನಗೆ ಅನ್ಯಾಯವಾಯಿತು ಎಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ, ತನ್ನದೇ ತಪ್ಪು ಎಂದುಕೊಂಡು ಮನೆಗೆ ಹೋಗುತ್ತಿದ್ದ. ಬಾಕ್ ಕೊಡದೆ ಬಿಡುವುದೂ ಒಂದು ತೀರ್ಪೇ. ಅದನ್ನು ಪ್ರಶ್ನಿಸಿ ಯಾರೂ ಕಾರಿಗೆ ಅಡ್ಡ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ.

ಇದನ್ನು ಆ ಹಿರಿಯರಿಗೆ ಅಲ್ಲಿಯೇ ಹೇಳಲು ನನ್ನಿಂದ ಆಗಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಬಿಟ್ಟು, “ಹಾಗಾದರೆ ದೊಡ್ಡ ಹುಡುಗರ ಪಂದ್ಯಾನೇ ಕೇಳಿ ತಗೊಳ್ಳಿ. ಆದರೆ ಮಗನ್ನ ಆ ಕಾರಲ್ಲಿ ಕೂರಿಸಬೇಡಿ” ಎಂದಳು. ಅಲ್ಲಿಂದಾಚೆಗೆ ಅಂಪೈರಿಂಗ್ ಇರುವ ದಿನ ಅವನನ್ನು ಕರೆತರುವುದು ಅವಳೇ.

ದೊಡ್ಡವರ ಆಟದಲ್ಲೂ ಇದೇ ಪಾಡು ಎಂದು ತಿಳಿದಿದ್ದೂ ಸ್ವಲ್ಪ ಧೈರ್ಯ ಕೊಟ್ಟಿತು. 2022ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಲಿನ್ಸ್ ತಂಡದ ರಿಚರ್ಡ್ ಬ್ಲೈಯರ್ ಎಂಬ ಎಡಗೈ ಪಿಚ್ಚರ್‌ಗೆ ಒಬ್ಬನೇ ಬ್ಯಾಟರ್ ಇರುವಾಗ ಮೂರು ಬಾಕ್ ಕೊಟ್ಟರು. ಪೂರ್ತಿ ನಿಲ್ಲುತ್ತಿಲ್ಲ ಎಂಬುದು ಕಾರಣ. ಮೇಜರ್ ಲೀಗಿನಲ್ಲಿ ಅದಕ್ಕೆ ಮೊದಲು ಆತ ಒಂದೂ ಬಾಕ್ ಮಾಡಿದವನಲ್ಲ. ಫಸ್ಟ್ ಬೇಸಿನಲ್ಲಿದ್ದ ರನ್ನರ್ ಒಂದೂ ಚೆಂಡನ್ನು ಯಾರೂ ಹೊಡೆಯದೆಯೇ ಸುತ್ತು ಹಾಕಿ ಮನೆ ಸೇರಿದ. ಅದು ಸರಿಯೋ ತಪ್ಪೋ ಎಂದು ವಾದ ನಡೆಯಿತು. 1961ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಆಲ್ ಸ್ಟಾರ್ ಪಂದ್ಯ ನಡೆಯುತ್ತಿದ್ದಾಗ ಜೋರು ಗಾಳಿಗೆ ಸ್ಟು ಮಿಲ್ಲರ್ ಎಂಬ ಪಿಚ್ಚರ್ ನಿಂತಲ್ಲೇ ಓಲಾಡಿದ. ಅವನಿಗೂ ಬಾಕ್ ಕೊಟ್ಟರು. ಗಾಳಿಗೆ ಯಾವ ಉದ್ದೇಶವಿತ್ತು? ಆದರೂ ರನ್ನರ್ ಕಂಡದ್ದು ಅಲುಗಾಡಿದ ಮೈಯನ್ನು. ಇನ್ನೊಂದು ತುದಿಗೆ 2019ರಲ್ಲಿ ಡಾಡ್ಜರ್ಸ್‌ನ ಕೆನ್ಲಿ ಜಾನ್ಸೆನ್ ಬೇಕೆಂದೇ ಬಾಕ್ ಮಾಡಿ ಸೆಕೆಂಡ್ ಬೇಸಿನ ರನ್ನರ್‌ನನ್ನು ಥರ್ಡ್‌ಗೆ ಕಳಿಸಿದ, ಅವನು ಕ್ಯಾಚರ್‌ನ ಸನ್ನೆಗಳನ್ನು ಕದ್ದು ನೋಡದಿರಲಿ ಎಂದು. ಉದ್ದೇಶ ಹುಡುಕುತ್ತಾ ಹೋದರೆ ಈ ನಿಯಮದಲ್ಲಿ ಎಲ್ಲಿಯೂ ಮುಟ್ಟುವುದಿಲ್ಲ. ಕಾಲು, ಕೈ, ಭುಜ, ಮಂಡಿ ಇವಿಷ್ಟನ್ನು ನೋಡಬೇಕು. ಮನಸ್ಸನ್ನು ನೋಡುವುದು ಅಂಪೈರ್‌ನ ಕೆಲಸವಲ್ಲ.

ಬೈಸಿಕೊಂಡು ಬಿಟ್ಟುಹೋದವರು ಬಹಳ ಮಂದಿ. ದೇಶದ ಹೈಸ್ಕೂಲ್ ಕ್ರೀಡೆಗಳ ಒಕ್ಕೂಟದ ಲೆಕ್ಕದಂತೆ 2018ರಿಂದ 2022ರ ನಡುವೆ ಎಲ್ಲ ಆಟಗಳೂ ಸೇರಿ ಸುಮಾರು 50,000 ತೀರ್ಪುಗಾರರು ಕೆಲಸ ಬಿಟ್ಟರು. ನಮ್ಮದೇ ರಾಜ್ಯದ ಡೆಪ್ಟ್‌ಫರ್ಡ್ ಎಂಬ ಊರಿನ ಲಿಟ್ಲ್ ಲೀಗಿನವರು 2023ರ ವಸಂತದಲ್ಲಿ ಒಂದು ನಿಯಮ ತಂದರು. ಅಂಪೈರ್‌ಗೆ ಬೈದ ತಂದೆತಾಯಿಯರು ತಾವೇ ಮೂರು ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲಬೇಕು, ಆಮೇಲೆಯೇ ಮಕ್ಕಳ ಪಂದ್ಯ ನೋಡಲು ಬರಬಹುದು. ಸುದ್ದಿ ಓದಿ ಮೇಷ್ಟರೂ ನಾನೂ ನಕ್ಕಿದ್ದೆವು. ಆಮೇಲೆ ಅದು ನಗುವ ವಿಷಯವಾಗಿ ಉಳಿಯಲಿಲ್ಲ.

ಮರುವರ್ಷ ದೊಡ್ಡ ಹುಡುಗರ ಪಂದ್ಯ ಕೇಳಿ ಪಡೆದೆ. ಈಗ ಹೋಮ್ ಪ್ಲೇಟ್ ಬಳಿ ಕೋಚುಗಳನ್ನು ಕರೆದಾಗ, ನಿಮ್ಮಲ್ಲಿ ಎಡಗೈ ಪಿಚ್ಚರ್ ಇದ್ದಾನಾ ಎಂದು ನಾನೇ ಕೇಳುತ್ತೇನೆ. ಇದ್ದರೆ ಅವನು ಅಭ್ಯಾಸದ ಚೆಂಡು ಎಸೆಯುವಾಗ ದಿಬ್ಬದ ಹಿಂದೆ ಹೋಗಿ ನಿಂತು ಕಾಲು ಎಲ್ಲಿಗೆ ಬರುತ್ತದೆ ಎಂದು ನೋಡಿಕೊಳ್ಳುತ್ತೇನೆ. ಅಂಪೈರ್ ಕಲಿಸುವಂತಿಲ್ಲ, ಆದರೆ ನೋಡುತ್ತಿದ್ದಾನೆ ಎಂದು ಗೊತ್ತಾದರೆ ಅರ್ಧ ಕೋಚುಗಳು ತಾವೇ ಹೋಗಿ ಹುಡುಗನ ಕಿವಿಯಲ್ಲಿ ಏನೋ ಹೇಳುತ್ತಾರೆ. ಆದರೂ ಬಾಕ್ ಆಗುತ್ತವೆ. ಆದಾಗ ಕೂಗುತ್ತೇನೆ. ಕೂಗುವ ಮುನ್ನ ಆ ಕಿಟಕಿ ಬಡಿದ ಸದ್ದು ಇವತ್ತಿಗೂ ಒಮ್ಮೆ ಕೇಳುತ್ತದೆ. ಅದು ಕೇಳುವುದರೊಳಗೆ ಕೈ ಮೇಲೆ ಹೋಗಿರುತ್ತದೆ.

ಇಲ್ಲಿನ ಮೈದಾನಗಳಲ್ಲಿ ಈಗ ನಮ್ಮ ಮಕ್ಕಳು ಬಹಳ ಮಂದಿ ಆಡುತ್ತಿದ್ದಾರೆ. ಅವರ ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಿಮ್ಮ ಮಗ ಎಡಗೈ ಪಿಚ್ಚರ್ ಆದರೆ ಬಲೆಯ ಹಿಂದೆ ಕೂತು ವಿಡಿಯೊ ತೆಗೆಯಬೇಡಿ. ಅಭ್ಯಾಸದ ದಿನ ದಿಬ್ಬದ ಹಿಂದೆ ಹೋಗಿ, ರಬ್ಬರಿನ ಹಿಂದಿನ ಅಂಚು ಕಾಣುವಂತೆ ಮಂಡಿಯೂರಿ ಕೂತು, ಅವನು ಕಾಲೆತ್ತುವುದನ್ನು ತೆಗೆಯಿರಿ. ಪಾದ ಅಂಚು ದಾಟುತ್ತಿದ್ದರೆ ನಾನು ಕೂಗುವ ಮೊದಲೇ ನೀವು ಅವನಿಗೆ ಹೇಳಬಹುದು. ಅಲ್ಲಿಂದ ನೋಡಿದ ಮೇಲೂ ನನ್ನ ತೀರ್ಪು ತಪ್ಪೆನಿಸಿದರೆ ಬಂದು ಬೈಯಿರಿ, ನಿಂತು ಕೇಳಿಸಿಕೊಳ್ಳುತ್ತೇನೆ.